ಆನೆಯ ಪಕ್ಕದ ಇಬ್ಬರು

ನಮ್ಮ ಮನೆಯ ಫ್ರಿಜ್ ಬಾಗಿಲ ಮೇಲೆ ಒಂದು ಆನೆಯ ಚಿತ್ರ ಇದೆ. ನನ್ನ ಹೆಂಡತಿ ತೀರಿಕೊಂಡ ಮೇಲೆ, ತಾನಿರುವ ಲೈಲ್ ಊರಿನಿಂದ ಬಂದಿದ್ದ ಮಗ ಆ ಬಾಗಿಲನ್ನು ಖಾಲಿ ಮಾಡಿದ. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಚೀಟಿ, ಯಾವ ಮಾತ್ರೆ ಯಾವಾಗ ಎಂದು ಬರೆದಿದ್ದ ಹಾಳೆ, ಮನೆಗೆ ಬರುತ್ತಿದ್ದ ನರ್ಸ್ ನಂಬರು, ಎಲ್ಲ ಕಸದ ಬುಟ್ಟಿಗೆ ಹೋದವು. ಆನೆಯ ಚಿತ್ರಕ್ಕೆ ಕೈ ಹಾಕಿದಾಗ ನಾನು, "ಅದೊಂದು ಇರಲಿ" ಅಂದೆ.

"ಅಪ್ಪ, ಇಟ್ಸ್ ಎ ಸ್ಲೇವ್ ಟ್ರೇಡ್ ಲೋಗೋ."

"ಗೊತ್ತು. ಇರಲಿ."

ಅವನು ಮ್ಯಾಗ್ನೆಟ್ಟನ್ನು ಮತ್ತೆ ಒತ್ತಿಟ್ಟ.

ಆ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗದು ಗೊತ್ತಿರಲಿಲ್ಲ. ನಾನು ಓದಿದ್ದು ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ. ರಿಟೈರ್ ಆಗುವ ತನಕ ಡೆಟ್ರಾಯಿಟ್ ಹತ್ತಿರದ ನಮ್ಮೂರು ವಿಕ್ಸಮ್‌ನ ಇಂಡಸ್ಟ್ರಿಯಲ್ ಪಾರ್ಕಿನ ಒಂದು ವರ್ಕ್‌ಶಾಪಿನಲ್ಲಿ ಕಾರಿನ ಸೀಟಿನ ಕೆಳಗೆ ಬರುವ ಕಬ್ಬಿಣದ ಹಳಿಗಳನ್ನು ಪರೀಕ್ಷೆ ಮಾಡುವ ಕೆಲಸ. ಚರಿತ್ರೆಯ ಪುಸ್ತಕ ಶಾಲೆ ಬಿಟ್ಟ ಮೇಲೆ ಮುಟ್ಟಿದವನಲ್ಲ. ನನ್ನ ಹೆಂಡತಿ ಬಿಎಸ್ಸಿ ಮಾಡಿದವಳು. ಬಹಳ ವರ್ಷ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಕೊನೆಗೆ ಒಂದು ದಿನ ಅವಳ ರಕ್ತವನ್ನೇ ಪರೀಕ್ಷೆಗೆ ಕೊಡಬೇಕಾಗಿ ಬಂತು.

ಕ್ಯಾನ್ಸರಿನ ಚಿಕಿತ್ಸೆ ಡೆಟ್ರಾಯಿಟ್‌ನಲ್ಲಿ, ಮಂಗಳವಾರಗಳಂದು. ಬೆಳಿಗ್ಗೆ ರಕ್ತ ತೆಗೆಯುತ್ತಾರೆ, ಫಲಿತಾಂಶ ಬಂದ ಮೇಲೆ ಮಧ್ಯಾಹ್ನ ಔಷಧಿ ಏರಿಸುತ್ತಾರೆ. ನಡುವಿನ ಹೊತ್ತು ಕಾಯುವುದೇ ಕೆಲಸ. ಕಾಯುವ ಕೋಣೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ನೋಡದ ಹಾಗೆ ನೋಡುತ್ತಿದ್ದರು. ಅವಳಿಗೆ ಅದನ್ನು ಸಹಿಸಲಾಗಲಿಲ್ಲ. ಎರಡು ಬೀದಿ ಆಚೆ ಒಂದು ಲೈಬ್ರರಿ ಇರುವುದನ್ನು ಕಂಡುಹಿಡಿದಳು. ಅಲ್ಲಿ ಮಂಗಳವಾರ ಬೆಳಿಗ್ಗೆ ವಯಸ್ಸಾದವರಿಗಾಗಿ ಚರಿತ್ರೆಯ ತರಗತಿ ನಡೆಯುತ್ತಿತ್ತು. ಹೊರಗೆ ಹಾಕಿದ್ದ ಕಾಗದದಲ್ಲಿ ವಿಷಯವೂ ಇತ್ತು: ಗುಲಾಮರ ವ್ಯಾಪಾರ ಮಾಡಿದ ಇಂಗ್ಲೆಂಡಿನ ಕಂಪನಿ.

"ಇದಕ್ಕೆ ಹೋಗಿ ಕೂರ್ತೀಯಾ? ನಿನಗಿರೋ ಚಿಂತೆ ಸಾಲದಾ?" ಅಂದೆ.

"ಆಸ್ಪತ್ರೆ ಕುರ್ಚಿಗಿಂತ ಇಲ್ಲಿಯ ಕುರ್ಚಿ ಮೆತ್ತಗಿದೆ. ಬನ್ನಿ ಸುಮ್ನೆ."

ತರಗತಿ ನಡೆಸುತ್ತಿದ್ದವರು ರಿಟೈರ್ ಆದ ಶಾಲಾ ಟೀಚರು, ಕಪ್ಪು ಹೆಂಗಸು. ಅವರ ತಂದೆ ದಕ್ಷಿಣದಿಂದ ಕಾರ್ ಫ್ಯಾಕ್ಟರಿಯ ಕೆಲಸಕ್ಕೆ ಡೆಟ್ರಾಯಿಟ್‌ಗೆ ಬಂದವರಂತೆ. ಎತ್ತರದ ದನಿ ಇಲ್ಲ, ಆದರೆ ಹಿಂದಿನ ಸಾಲಿನವರೆಗೂ ಪ್ರತಿ ಮಾತೂ ಕೇಳಿಸುತ್ತಿತ್ತು. ಕೂತಿದ್ದವರು ಹತ್ತು ಜನರಿರಬಹುದು. ಹೆಚ್ಚಿನವರು ಫ್ಯಾಕ್ಟರಿಗಳಲ್ಲಿ ದುಡಿದು ಬಿಟ್ಟವರು. ನಾವಿಬ್ಬರೇ ಇಂಡಿಯಾದವರು.

ಮೊದಲ ದಿನ ಟೀಚರು ಎಲ್ಲರ ಕೈಗೂ ಒಂದೊಂದು ಚಿತ್ರ ಕೊಟ್ಟರು. ಅಲಂಕಾರದ ಆನೆ. ಅದರ ಬೆನ್ನ ಮೇಲೆ ಪುಟ್ಟ ಕೋಟೆ. ಎಡಕ್ಕೊಬ್ಬ ಬಲಕ್ಕೊಬ್ಬ ಕಪ್ಪು ಮನುಷ್ಯರು ನಿಂತಿದ್ದಾರೆ. ಇದರಲ್ಲಿ ಏನೇನು ಕಾಣುತ್ತೆ, ಯಾರಾದರೂ ಹೇಳಿ, ಅಂದರು. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

"ಏನೇ ಇದು, ನಮ್ಮ ಜಂಬೂಸವಾರಿ!" ಅಂತ ಹೆಂಡತಿಗೆ ಕನ್ನಡದಲ್ಲಿ ಹೇಳಿ, ಅಷ್ಟಕ್ಕೆ ಬಿಡದೆ ಇಡೀ ಕ್ಲಾಸಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ನಮ್ಮೂರಿನಲ್ಲಿ ದಸರಾ ದಿನ ಆನೆ ಚಿನ್ನದ ಅಂಬಾರಿ ಹೊತ್ತು ಮೆರವಣಿಗೆ ಹೋಗುತ್ತೆ, ನೋಡಿ ಇದು ಅಂಬಾರಿ ಇದ್ದ ಹಾಗೇ ಇದೆ, ಪಕ್ಕದಲ್ಲಿರೋ ಇಬ್ಬರು ಮಾವುತರು. ಮಾವುತರು ಅಂದರೆ ಆನೆ ನೋಡಿಕೊಳ್ಳುವವರು.

ಟೀಚರು ನಾನು ಮುಗಿಸುವ ತನಕ ಕಾದರು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ನಿಮ್ಮೂರಿನ ಮೆರವಣಿಗೆ ಚೆನ್ನಾಗಿರಬೇಕು. ಇದು ಕಂಪನಿಯ ಮುದ್ರೆ. ಆ ಇಬ್ಬರು ಆನೆ ನೋಡಿಕೊಳ್ಳುವವರಲ್ಲ. ಅವರು ಕಂಪನಿಯ ಸರಕು."

ಹಿಂದೆ ಯಾರೋ ಕೆಮ್ಮಿದರು. ನನ್ನ ಹೆಂಡತಿ ಮೇಜಿನ ಕೆಳಗೆ ನನ್ನ ಮಂಡಿಯ ಮೇಲೆ ಕೈ ಇಟ್ಟಳು.

ಆಸ್ಪತ್ರೆಗೆ ವಾಪಸು ನಡೆಯುವಾಗ, "ನಿಮ್ಮ ತಪ್ಪಲ್ಲ ಬಿಡಿ. ಆನೆ ಕಂಡ್ರೆ ಮೈಸೂರಿನವರಿಗೆ ಪಕ್ಕದಲ್ಲಿರೋರು ಕಾಣಲ್ಲ" ಅಂದಳು. ತಮಾಷೆಗೇ ಅಂದದ್ದು. ಆದರೆ ಅವತ್ತು ಮನೆಗೆ ಬಂದ ಕೂಡಲೆ ಆ ಚಿತ್ರವನ್ನು ಫ್ರಿಜ್‌ಗೆ ಅಂಟಿಸಿದ್ದು ಅವಳೇ.

ಹೀಗೆ ನಾವು ಆ ಕಂಪನಿಯ ಕಥೆ ಕೇಳಿದೆವು, ಎರಡು ಸೂಜಿಗಳ ನಡುವಿನ ಹೊತ್ತಿನಲ್ಲಿ. ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜ ಒಂದು ಸನ್ನದು ಬರೆದುಕೊಟ್ಟ. ಆಫ್ರಿಕಾದ ಪಡುವಣ ಕರಾವಳಿಯ ವ್ಯಾಪಾರವೆಲ್ಲ ಈ ಕಂಪನಿಗೇ ಸೇರಿದ್ದು, ಬೇರೆ ಯಾವ ಇಂಗ್ಲಿಷಿನವನೂ ಅಲ್ಲಿ ಹಡಗು ನಿಲ್ಲಿಸುವ ಹಾಗಿಲ್ಲ, ಅಂತ. ಕಂಪನಿಯ ಮುಖ್ಯಸ್ಥ ರಾಜನ ತಮ್ಮ. ಹಣ ಹಾಕಿದವರು ಅರಮನೆಯವರು ಮತ್ತು ಲಂಡನ್ನಿನ ದೊಡ್ಡ ವ್ಯಾಪಾರಿಗಳು. ಮೊದಲು ಚಿನ್ನ, ಆನೆಯ ದಂತ, ಆಮೇಲೆ ಮನುಷ್ಯರು. ಸಮುದ್ರದ ದಂಡೆಯಲ್ಲಿ ಕೋಟೆ ಕಟ್ಟಿ, ಕೆಳಗಿನ ಕತ್ತಲೆ ಕೋಣೆಗಳಲ್ಲಿ ಹಡಗು ಬರುವ ತನಕ ಜನರನ್ನು ಕೂಡಿಡುತ್ತಿದ್ದರು. ಅಟ್ಲಾಂಟಿಕ್ ಆಚೆಗೆ ಅಷ್ಟು ಜನರನ್ನು ಸಾಗಿಸಿದ ಸಂಸ್ಥೆ ಇನ್ನೊಂದಿಲ್ಲವಂತೆ.

ಟೀಚರು ಇದನ್ನೆಲ್ಲ ಅಡುಗೆ ಹೇಳಿಕೊಡುವವರ ಹಾಗೆ ಒಂದಾದ ಮೇಲೊಂದು ನಿಧಾನವಾಗಿ ಹೇಳುತ್ತಿದ್ದರು. ಕೋಪ ಕಾಣಿಸುತ್ತಿರಲಿಲ್ಲ. ನನಗೆ ಅದೇ ಹೆಚ್ಚು ಕಷ್ಟವಾಗುತ್ತಿತ್ತು.

ಒಂದು ಮಂಗಳವಾರ ಮುದ್ರೆ ಒತ್ತುವ ವಿಷಯ ಬಂತು. ಕೊಂಡ ಜನರ ಮೈಮೇಲೆ, ಹೆಚ್ಚಾಗಿ ಎದೆಯ ಮೇಲೆ, ಕಾದ ಕಬ್ಬಿಣದಲ್ಲಿ ಕಂಪನಿಯ ಅಕ್ಷರ ಒತ್ತುತ್ತಿದ್ದರು. ರಾಜನ ತಮ್ಮನ ಬಿರುದಿನ ಅಕ್ಷರಗಳೂ ಇದ್ದವು. ಹಡಗು ಹತ್ತಿದವರು ಎಷ್ಟು, ದಾರಿಯಲ್ಲಿ ಸತ್ತವರು ಎಷ್ಟು, ಇಳಿದವರು ಎಷ್ಟು, ಇದಕ್ಕೆಲ್ಲ ಕಂಪನಿಯ ಲೆಕ್ಕ ಇದೆ. ಹೆಸರು ಮಾತ್ರ ಇಲ್ಲ. ಬರೆದುಕೊಳ್ಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಅವತ್ತು ಮಧ್ಯಾಹ್ನ ಔಷಧಿ ಏರಿಸಲು ನರ್ಸ್ ಬಂದಳು. ನನ್ನ ಹೆಂಡತಿಯ ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಒಂದು ಪುಟ್ಟ ಬಿಲ್ಲೆ ಕೂರಿಸಿದ್ದರು, ಸೂಜಿ ಚುಚ್ಚಲು. ನರ್ಸ್ ಎಂದಿನ ಹಾಗೆ ಹೆಸರು, ಹುಟ್ಟಿದ ದಿನ ಕೇಳಿದಳು. ಅಲ್ಲಿ ಏನು ಮಾಡುವ ಮುಂಚೆಯೂ ಕೇಳುತ್ತಾರೆ. ಮಾತ್ರೆ ಕೊಡುವ ಮುಂಚೆ, ಚೀಲ ಬದಲಾಯಿಸುವ ಮುಂಚೆ. ಬೇರೆ ದಿನ ನನ್ನ ಹೆಂಡತಿ ಬೇಸರದಿಂದ ಗೊಣಗುತ್ತಿದ್ದಳು. ಅವತ್ತು ತನ್ನ ಪೂರ್ತಿ ಹೆಸರನ್ನು, ಅಪ್ಪನ ಹೆಸರನ್ನೂ ಸೇರಿಸಿ, ಬಿಡಿಸಿ ಬಿಡಿಸಿ ಹೇಳಿದಳು. ನರ್ಸ್ ಹೋದ ಮೇಲೆ ಎದೆಯ ಆ ಬಿಲ್ಲೆಯ ಪಕ್ಕ ಬೆರಳಿಟ್ಟು, "ಇಲ್ಲೇ ಅಲ್ವಾ ರೀ ಒತ್ತುತ್ತಿದ್ದದ್ದು?" ಅಂತ ಕೇಳಿದಳು.

ನಾನು ಅವಳ ಹೊದಿಕೆ ಸರಿಮಾಡಿದೆ.

"ನನಗೆ ಸೂಜಿ ಚುಚ್ಚೋಕೆ ಎಷ್ಟು ಸಲ ಹೆಸರು ಕೇಳ್ತಾರೆ. ಅವರನ್ನ ಒಂದು ಸಲಾನೂ ಕೇಳಲಿಲ್ಲ."

ಇನ್ನೊಂದು ವಾರ, ಮನುಷ್ಯರನ್ನು ಏನು ಕೊಟ್ಟು ಕೊಳ್ಳುತ್ತಿದ್ದರು ಎಂಬ ಮಾತು. ಕಬ್ಬಿಣದ ಸಲಾಕಿ, ಬಂದೂಕು, ಹಿತ್ತಾಳೆ ಪಾತ್ರೆ, ಕವಡೆ, ಬಟ್ಟೆ. ಆ ಬಟ್ಟೆಯಲ್ಲಿ ಬಹಳಷ್ಟು ಇಂಡಿಯಾದ್ದು. ಕೋರಮಂಡಲದ ತೀರದ್ದು, ಗುಜರಾತಿನದು. ಇಂಡಿಯಾದಲ್ಲಿ ವ್ಯಾಪಾರ ಮಾಡುತ್ತಿದ್ದ ಇನ್ನೊಂದು ಇಂಗ್ಲಿಷ್ ಕಂಪನಿ ಲಂಡನ್ನಿಗೆ ತಂದು ಹರಾಜು ಹಾಕುತ್ತಿತ್ತು, ಈ ಕಂಪನಿ ಅಲ್ಲಿ ಕೊಂಡು ಆಫ್ರಿಕಾಕ್ಕೆ ಒಯ್ಯುತ್ತಿತ್ತು. ಕ್ಲಾಸಿನಲ್ಲಿ ಯಾರೂ ನಮ್ಮ ಕಡೆ ತಿರುಗಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು.

ಸಂಜೆ ಅವಳು ಬೀರುವಿನಿಂದ ಒಂದು ಹಳೆಯ ಕಾಟನ್ ಸೀರೆ ತೆಗೆದು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

"ನೇಯ್ದವನಿಗೆ ಗೊತ್ತಿರಲ್ಲ ರೀ, ಇದು ಎಲ್ಲಿಗೆ ಹೋಗತ್ತೆ ಅಂತ."

"ನಾನೂ ಸೀಟಿನ ಹಳಿ ಚೆಕ್ ಮಾಡಿ ಕಳಿಸ್ತಿದ್ದೆ. ಯಾರ ಕಾರಿಗೆ ಹೋಯ್ತು ಅಂತ ನಂಗೇನು ಗೊತ್ತು?"

"ನಿಮ್ಮ ಹಳಿ ಕೊಟ್ಟು ಯಾರೂ ಮನುಷ್ಯರನ್ನ ತಗೊಳ್ಳಲಿಲ್ಲವಲ್ಲ."

ಅದಾದ ಮೇಲೆ ಕಂಪನಿ ಬಿದ್ದುಹೋದ ಕಥೆ ಬಂತು. ಕಂಪನಿಯ ಹೊರಗಿನ ವ್ಯಾಪಾರಿಗಳು, ಒಂದೇ ಕಂಪನಿಗೆ ಎಲ್ಲ ಹಕ್ಕು ಕೊಡುವುದು ಅನ್ಯಾಯ, ಇಂಗ್ಲಿಷಿನವನಿಗೆ ವ್ಯಾಪಾರದ ಸ್ವಾತಂತ್ರ್ಯ ಬೇಕು ಎಂದು ಗಲಾಟೆ ಮಾಡಿದರು. ಪಾರ್ಲಿಮೆಂಟು ಅವರ ಪರವಾಯಿತು. ಕಂಪನಿಯ ಹಿಡಿತ ತಪ್ಪಿತು. ನಾನು ಹೆಂಡತಿಯ ಕಿವಿಯಲ್ಲಿ, "ಅಬ್ಬ, ಅಂತೂ ತೊಲಗಿತು" ಅಂದೆ. ಟೀಚರಿಗೆ ಕನ್ನಡ ಬರದಿದ್ದರೂ ನನ್ನ ಮುಖ ಓದಲು ಬರುತ್ತಿತ್ತು. "ಸಂತೋಷ ಪಡಬೇಡಿ," ಅಂದರು. "ಆಮೇಲೆ ಯಾರು ಬೇಕಾದರೂ ಹಡಗು ಕಳಿಸಬಹುದಾಯಿತು. ಮೊದಲಿಗಿಂತ ಎಷ್ಟೋ ಹೆಚ್ಚು ಜನರನ್ನು ಹಿಡಿದು ತಂದರು. ಸ್ವಾತಂತ್ರ್ಯ ಕೇಳಿ ಪಡೆದದ್ದು ಇದಕ್ಕೇ."

ಅವತ್ತು I-96 ಹೆದ್ದಾರಿಯಲ್ಲಿ ನಾನು ವಿಕ್ಸಮ್ ಎಕ್ಸಿಟ್ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಆ ವರ್ಷ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಅವಳು ಸೋಫಾ ಬಿಟ್ಟು ಹೆಚ್ಚು ಏಳುತ್ತಿರಲಿಲ್ಲ. ನಾನು ಎಂದಿನಂತೆ ಮನೆಯ ಹಿಂದಿನ ಮರದ ಡೆಕ್ ಮೇಲೆ ತರ್ಪಣಕ್ಕೆ ಕೂತೆ. ಬೇರೆ ರಾಜ್ಯದ ಸ್ಕೋಕಿಯಲ್ಲಿರುವ ಪುರೋಹಿತರು ಫೋನಿನಲ್ಲೇ ಮಾಡಿಸುತ್ತಾರೆ. ಸ್ಪೀಕರ್ ಹಾಕಿ, ದಕ್ಷಿಣಕ್ಕೆ ಮುಖ ಮಾಡಿ, ಹೋದವರ ಹೆಸರು, ಗೋತ್ರ ಹೇಳಿ ಒಬ್ಬೊಬ್ಬರಿಗೂ ಎಳ್ಳುನೀರು ಬಿಡುವುದು. ಅಪ್ಪ, ತಾತ, ಮುತ್ತಾತ, ಅಮ್ಮ, ಅಜ್ಜಿ, ಅಮ್ಮನ ಕಡೆಯವರು, ಆಮೇಲೆ ಉಳಿದ ನೆಂಟರು, ಗುರುಗಳು, ಸ್ನೇಹಿತರು. ಎಲ್ಲ ಆದ ಮೇಲೆ ಬೆರಳಿನ ದರ್ಭೆಯ ಉಂಗುರ ಬಿಚ್ಚಿ ಕೊನೆಯ ನೀರು. ಅವಳು ಗಾಜಿನ ಬಾಗಿಲ ಒಳಗಿನಿಂದ ಎಲ್ಲ ನೋಡುತ್ತಿದ್ದಳು. ನಾನು ಒಳಗೆ ಬಂದ ಮೇಲೆ ಕೇಳಿದಳು.

"ರೀ, ಆ ಕೊನೇ ನೀರು ಯಾರಿಗೆ?"

"ಯಾರೂ ಇಲ್ಲದವರಿಗೆ. ಅಪ್ಪ ಅಮ್ಮ, ಬಂಧು ಬಳಗ ಏನೂ ಇಲ್ಲದೆ ಸತ್ತವರಿಗೆ."

"ಬಿಡೋವಾಗ ಯಾರನ್ನ ನೆನೆಸ್ಕೋತೀರಿ?"

"ನಿಜ ಹೇಳ್ಲಾ? ಅಷ್ಟು ಹೊತ್ತಿಗೆ ಕಾಲು ಜೋಮು ಹಿಡಿದಿರತ್ತೆ. ಕಾಫಿ ನೆನೆಸ್ಕೋತೀನಿ."

ಅವಳು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಆ ಹಡಗಿನವರಿಗೆ ಒಂದು ಸಲ ಬಿಡ್ತೀರಾ?" ಅಂದಳು.

ಅವಳು ನನ್ನನ್ನು ಏನಾದರೂ ಬೇಕು ಅಂತ ಕೇಳಿದ್ದು ಆ ವರ್ಷ ಅದೊಂದೇ. ಊಟ ಬೇಡ, ಊರಿಗೆ ಹೋಗೋದು ಬೇಡ, ಇನ್ನೊಬ್ಬ ಡಾಕ್ಟರೂ ಬೇಡ ಅನ್ನುತ್ತಿದ್ದವಳು.

"ಬಿಡೋಣ. ಮುಂದಿನ ಸಲ ಆ ಕೊನೇ ನೀರು ಅವರಿಗೇ."

"ಕೊನೇದು ಬೇಡ." ತಲೆ ಅಲ್ಲಾಡಿಸಿದಳು. "ಅವರಿಗೆ ಅಪ್ಪ ಅಮ್ಮ ಇದ್ರು ರೀ. ಊರಿತ್ತು, ಹೆಸರಿತ್ತು. ಯಾರೂ ಇಲ್ಲದವರು ಅಂತ ನಾವೂ ಅಂದುಬಿಟ್ರೆ ಆ ಕಂಪನಿಗೂ ನಮಗೂ ಏನು ವ್ಯತ್ಯಾಸ?"

"ಮತ್ತೆ ಎಲ್ಲಿ ಬಿಡ್ಲಿ?"

"ಅದನ್ನ ನೀವೇ ಯೋಚ್ನೆ ಮಾಡಿ. ಹೇಳಿಕೊಡೋಕೆ ನಾನಿರಲ್ಲ."

ಜನವರಿಯಲ್ಲಿ ಹೋದಳು. ಮನೆಯಲ್ಲೇ, ಕೆಳಗಿನ ರೂಮಿನಲ್ಲಿ ಹಾಕಿದ್ದ ಆಸ್ಪತ್ರೆಯ ಮಂಚದ ಮೇಲೆ. ಹೊರಗೆ ಹಿಮ ತೆಗೆಯುವ ಲಾರಿ ನಮ್ಮ ಬಡಾವಣೆಯ ರಸ್ತೆಯನ್ನು ಕೆರೆಯುತ್ತಿತ್ತು. ಆ ಸದ್ದು ಮುಗಿದ ಮೇಲೆ ನೋಡಿದರೆ ಉಸಿರೂ ನಿಂತಿತ್ತು. ಅಂತ್ಯಕ್ರಿಯೆಯ ದಿನ ಟೀಚರು ಫ್ಯೂನರಲ್ ಹೋಮಿಗೆ ಬಂದು ಹಿಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿದ್ದರು. ನಾನು ಹೋಗಿ ಮಾತಾಡಿಸುವಷ್ಟರಲ್ಲಿ ಹೊರಟುಹೋಗಿದ್ದರು.

ಕರ್ಮಗಳನ್ನು ಮಗ ಮಾಡಿದ. ಮಂತ್ರಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಸಿಕೊಂಡು, ಒಂದೂ ಬಿಡದೆ. ವರ್ಷ ತುಂಬುವ ತನಕ ಮಹಾಲಯ ಇಲ್ಲ ಅಂದರು. ಹಾಗಾಗಿ ಅವಳಿಗೆ ಕೊಟ್ಟ ಮಾತು ಒಂದು ಮಹಾಲಯ ಅಮಾವಾಸ್ಯೆ ದಾಟಿ ಮುಂದಿನ ವರ್ಷದ್ದಕ್ಕೆ ಹೋಯಿತು. ಅಷ್ಟು ದಿನವೂ ಅದನ್ನೇ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಬಟ್ಟೆ ಒಗೆಯುವುದು, ಒಬ್ಬನಿಗೆ ಅನ್ನಕ್ಕೆ ಎಷ್ಟು ನೀರು, ಇಂಥವುಗಳಲ್ಲೇ ದಿನ ಹೋಗುತ್ತಿತ್ತು. ಆದರೆ ಹಾಲಿಗೆಂದು ಫ್ರಿಜ್ ತೆಗೆಯುವಾಗ ಆ ಇಬ್ಬರು ನಿಂತಿರುತ್ತಿದ್ದರು.

ಪಿತೃಪಕ್ಷ ಶುರುವಾದ ಮೇಲೆ ಪುರೋಹಿತರಿಗೆ ಫೋನ್ ಮಾಡಿ, ನೆಂಟರಲ್ಲದವರಿಗೂ ನೀರು ಬಿಡಬಹುದೇ ಎಂದು ಕೇಳಿದೆ.

"ಅದಕ್ಕೇನು ಸ್ವಾಮಿ, ಸ್ನೇಹಿತರ ಜಾಗದಲ್ಲಿ ಸೇರಿಸೋಣ. ಗೋತ್ರ?"

"ಗೊತ್ತಿಲ್ಲ."

"ಗೊತ್ತಿಲ್ಲದಿದ್ರೆ ಕಾಶ್ಯಪ ಅನ್ನೋ ರೂಢಿ ಇದೆ. ಹೆಸರು?"

"ಅದೂ ಗೊತ್ತಿಲ್ಲ."

"ಒಂದು ದೇವರ ಹೆಸರು ಇಟ್ಕೊಂಡ್ರಾಯ್ತು. ಎಷ್ಟು ಜನ?"

ನಾನು ಫ್ರಿಜ್ ಕಡೆ ನೋಡಿದೆ. "ಬಹಳ ಜನಾನಾ?" ಅಂದರು. ಹೌದು ಅಂದೆ. ಪಾಪ, ಒಳ್ಳೆಯ ಮನುಷ್ಯ, ಸಹಾಯ ಮಾಡಲೆಂದೇ ಹೇಳಿದ್ದು. ಆದರೆ ಫೋನ್ ಇಟ್ಟ ಮೇಲೆ ಮನಸ್ಸಿಗೆ ಸರಿಹೋಗಲಿಲ್ಲ. ಆ ಕರಾವಳಿಯಲ್ಲಿ ಅವರ ಮೈಮೇಲೆ ಕಂಪನಿ ಒಂದು ಅಕ್ಷರ ಒತ್ತಿತು. ಸಮುದ್ರದ ಈಚೆ ಕೊಂಡವನು ತನಗೆ ತೋಚಿದ ಹೆಸರಿಟ್ಟ. ಈಗ ವಿಕ್ಸಮ್‌ನ ಡೆಕ್ ಮೇಲೆ ಕೂತು ನಾನೊಂದು ಗೋತ್ರ ಅಂಟಿಸಬೇಕೇ?

ಮುಂದಿನ ಮಂಗಳವಾರ ಒಬ್ಬನೇ ಡೆಟ್ರಾಯಿಟ್‌ಗೆ ಡ್ರೈವ್ ಮಾಡಿದೆ. ಆಸ್ಪತ್ರೆಯ ಪಾರ್ಕಿಂಗ್‌ಗೆ ತಿರುಗಿಬಿಟ್ಟು, ಮತ್ತೆ ಹೊರಗೆ ಬಂದು ಲೈಬ್ರರಿಗೆ ಹೋದೆ. ತರಗತಿ ಮುಗಿಯುವ ತನಕ ಕಾದು ಟೀಚರ ಹತ್ತಿರ ಎಲ್ಲ ಹೇಳಿದೆ. ತರ್ಪಣ ಎಂದರೇನು, ಅವಳು ಕೇಳಿದ್ದೇನು, ಪುರೋಹಿತರು ಹೇಳಿದ್ದೇನು. ನನ್ನ ಇಂಗ್ಲಿಷಿನಲ್ಲಿ ಅದು ಬಹಳ ಹೊತ್ತು ಹಿಡಿಯಿತು.

"ಅಂದರೆ ನನ್ನ ಅನುಮತಿ ಕೇಳೋಕೆ ಬಂದಿದ್ದೀರಿ," ಅಂದರು.

"ಹೌದು."

"ನಾನು ಒಬ್ಬಳು ಮುದುಕಿ. ಎಲ್ಲರ ಪರವಾಗಿ ನಾನು ಹೇಗೆ ಕೊಡಲಿ? ನನ್ನ ಅಜ್ಜಿಯ ಅಜ್ಜಿಯ ತನಕ ನನಗೆ ಹೆಸರು ಗೊತ್ತು. ಅಲ್ಲಿಂದಾಚೆ ಗೋಡೆ." ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತ, "ನನ್ನ ಅಜ್ಜಿ ಬ್ಯಾಪ್ಟಿಸ್ಟ್ ಕ್ರಿಶ್ಚಿಯನ್. ನಿಮ್ಮ ಪೂಜೆ ಕಂಡಿದ್ದರೆ ಪೊರಕೆ ತಗೊಂಡು ಓಡಿಸುತ್ತಿದ್ದಳು" ಅಂದರು. ಮುಖದಲ್ಲಿ ನಗು ಇತ್ತೋ ಇಲ್ಲವೋ ತಿಳಿಯಲಿಲ್ಲ. "ನೀರಿನ ಜೊತೆ ಇನ್ನೇನು ಹಾಕ್ತೀರಿ?"

ಎಳ್ಳು ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಜ್ಜಿ ಹತ್ತಿ ಹೊಲದ ಸಾಲಿನ ತುದಿಯಲ್ಲಿ ಎಳ್ಳು ಬಿತ್ತುತ್ತಿದ್ದಳು. ಹಬ್ಬಕ್ಕೆ ಅದರ ಬಿಸ್ಕತ್ತು ಮಾಡುತ್ತಿದ್ದಳು. ಆ ಎಳ್ಳು ನಮ್ಮವರ ಜೊತೆ ಆಫ್ರಿಕಾದಿಂದ ಹಡಗಿನಲ್ಲೇ ಬಂದದ್ದು."

ಆಮೇಲೆ ಕೇಳಿದರು: "ನಿಮ್ಮ ಹೆಂಡತಿಗೂ ಇದೇ ನೀರಾ? ಇದೇ ಎಳ್ಳಾ?"

"ಇದೇ."

"ಹಾಗಾದರೆ ಅವಳದ್ದಾದ ತಕ್ಷಣ ಅವರಿಗೆ ಬಿಡಿ. ಕೇಳಿದ್ದು ಅವಳಲ್ಲವೇ. ಹೆಸರು ಮಾತ್ರ ಇಡಬೇಡಿ. ಅವರಿಗೆ ಹೆಸರಿಟ್ಟವರು ಬೇಕಾದಷ್ಟು ಜನ ಆಗಿಹೋದರು."

"ಮತ್ತೆ ಏನು ಹೇಳಲಿ?"

"ಒಂದು ಹೆಸರು ಹೇಳೋದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿರಿ. ಆಮೇಲೆ ಬಿಡಿ."

ಅಮಾವಾಸ್ಯೆಯ ಬೆಳಿಗ್ಗೆ ನಲವತ್ತೈದು ಡಿಗ್ರಿ ಫ್ಯಾರನ್‌ಹೀಟ್, ಒಳ್ಳೆ ಚಳಿ. ಡೆಕ್ ಹಲಗೆ ತಣ್ಣಗೆ ಕೊರೆಯುತ್ತಿತ್ತು. ಸ್ಕೋಕಿಯ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ, ಪುರೋಹಿತರ ದನಿಯಲ್ಲಿ ಇನ್ನೂ ನಿದ್ದೆ ಇತ್ತು. ಅಪ್ಪನಿಂದ ಶುರುಮಾಡಿ ಒಬ್ಬೊಬ್ಬರಾಗಿ ಬಂದು ಅವಳ ಹೆಸರಿಗೆ ನಿಂತೆವು. ಆ ಸಾಲಿನಲ್ಲಿ ಅವಳ ಹೆಸರನ್ನು ನಾನು ಹೇಳಿದ್ದು ಅದೇ ಮೊದಲು. ಅವಳು ನರ್ಸ್‌ಗೆ ಹೇಳಿದ ಹಾಗೆ, ಬಿಡಿಸಿ ಬಿಡಿಸಿ ಹೇಳಿದೆ. ನೀರು ಹೆಬ್ಬೆರಳ ಪಕ್ಕದಿಂದ ತಟ್ಟೆಗೆ ಇಳಿಯಿತು.

ಆಮೇಲೆ ಕೈಗೆ ಎಳ್ಳು ಹಾಕಿಕೊಂಡು ಸುಮ್ಮನೆ ಕೂತೆ.

"ಸ್ವಾಮಿ? ಲೈನ್ ಕಟ್ ಆಯ್ತಾ?"

"ಇಲ್ಲ, ಇದ್ದೀನಿ." ನೀರು ಬಿಟ್ಟೆ. ಮತ್ತೆ ಸುಮ್ಮನಾದೆ. ಮತ್ತೆ ಬಿಟ್ಟೆ.

ಅವರಿಗೆ ಅರ್ಥವಾಗಿರಬೇಕು, ಸ್ವಲ್ಪ ಹೊತ್ತು ಅವರೂ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಇನ್ನೂ ಇದ್ಯಾ ಸ್ವಾಮಿ? ನನಗೆ ಇನ್ನೊಂದು ಮನೆಯವರು ಕಾಯ್ತಿದಾರೆ" ಅಂದರು.

"ಇದೆ. ನೀವು ಅವರದ್ದು ಮುಗಿಸಿ. ಉಳಿದದ್ದಕ್ಕೆ ಆಮೇಲೆ ನಾನೇ ಫೋನ್ ಮಾಡ್ತೀನಿ."

ಫೋನ್ ಆರಿತು. ಹಿತ್ತಲಿನ ಮೇಪಲ್ ಮರದಲ್ಲಿ ಅಳಿಲು ಓಡಾಡುತ್ತಿತ್ತು. ಒಂದು ಹೆಸರಿನಷ್ಟು ಹೊತ್ತು ಸುಮ್ಮನಿದ್ದು ಬಿಡುತ್ತಾ ಹೋದೆ. ಚೊಂಬು ಬಗ್ಗಿಸಿದರೆ ನೀರು ಬರಲಿಲ್ಲ. ಕಾಲು ಜೋಮು ಹಿಡಿದು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮೊದಲಾಗಿದ್ದರೆ ಒಳಗಿನಿಂದ ಬಂದು ಕೈ ಕೊಡುತ್ತಿದ್ದಳು. ಡೆಕ್ ಕಟಕಟೆ ಹಿಡಿದುಕೊಂಡು ಎದ್ದು ಒಳಗೆ ಹೋದೆ. ನಲ್ಲಿ ಫ್ರಿಜ್ಜಿನ ಪಕ್ಕದಲ್ಲೇ ಇದೆ. ಚೊಂಬು ತುಂಬುವ ತನಕ ಆ ಇಬ್ಬರನ್ನೇ ನೋಡುತ್ತ ನಿಂತಿದ್ದು, ಮತ್ತೆ ಹೊರಗೆ ಬಂದು ಕೂತೆ.